ಅಮೆರಿಕದ ಕಾಲೇಜಲ್ಲಿ ಮೊದಲ ಸೆಮಿಸ್ಟರ್: ಕ್ಲಾಸ್ ರಿಜಿಸ್ಟ್ರೇಷನ್ ಅಂದ್ರೆ ಏನು, ಅದನ್ನ ಮಾಡೋದು ಹೇಗೆ

ಪಿಯುಸಿ ಮುಗಿದು, ಯೂನಿವರ್ಸಿಟಿ ಕಳಿಸೋ ಐ-20 ಅನ್ನೋ ಪ್ರವೇಶ ಪತ್ರ ಕೈಗೆ ಬಂದು, ವೀಸಾನೂ ಆಯ್ತು ಅಂದ್ರೆ ಮನೇಲಿ ಎಲ್ರ ಗಮನ ಸೂಟ್‌ಕೇಸು, ಕುಕ್ಕರು, ಚಟ್ನಿಪುಡಿ ಕಡೆ ಹೋಗತ್ತೆ. ಅಷ್ಟೊತ್ತಿಗೆ ಯೂನಿವರ್ಸಿಟಿಯಿಂದ ಒಂದು ಮೇಲ್ ಬಂದು ಇನ್‌ಬಾಕ್ಸಲ್ಲಿ ಕೂತಿರತ್ತೆ, ನಿಮ್ಮ ಓರಿಯಂಟೇಷನ್ (ಹೊಸಬರಿಗೆ ಕಾಲೇಜಿನ ಪರಿಚಯ ಮಾಡಿಸೋ ಕಾರ್ಯಕ್ರಮ) ಇಂಥ ದಿನ, ಅವತ್ತೇ ಫಾಲ್ ಸೆಮಿಸ್ಟರ್‌ಗೆ (ಆಗಸ್ಟಲ್ಲಿ ಶುರುವಾಗೋದು) ಕ್ಲಾಸ್ ರಿಜಿಸ್ಟರ್ ಮಾಡ್ಕೋಬೇಕು ಅಂತ. ನಮ್ಮ ಮಕ್ಕಳು ಅದನ್ನ ಓದಿ "ಸರಿ, ಅವತ್ತು ಟೈಮ್‌ಟೇಬಲ್ ಕೊಡ್ತಾರೆ" ಅಂದ್ಕೊಂಡು ಸುಮ್ನಾಗ್ತಾರೆ. ಆದ್ರೆ ಯಾರೂ ಕೊಡಲ್ಲ, ಅದನ್ನ ನಾವೇ ಕಟ್ಕೋಬೇಕು.

2023-24ರ ಲೆಕ್ಕದಲ್ಲಿ ಅಮೆರಿಕದಲ್ಲಿ ಓದ್ತಿದ್ದ ಭಾರತದ ವಿದ್ಯಾರ್ಥಿಗಳು 3,31,602. ಅದರಲ್ಲಿ ಡಿಗ್ರಿ ಓದೋಕೆ ಅಂತ ಬಂದವರು ಸುಮಾರು 36 ಸಾವಿರ ಮಾತ್ರ, ಮಿಕ್ಕವರಲ್ಲಿ ಹೆಚ್ಚಿನವರು ಎಂಎಸ್ ಮಾಡೋರು, ಇಲ್ಲಾಂದ್ರೆ ಓದು ಮುಗಿಸಿ ಒಪಿಟಿ ಅನ್ನೋ ತಾತ್ಕಾಲಿಕ ಅನುಮತಿಯಲ್ಲಿ ಕೆಲಸ ಮಾಡೋರು. ಹಾಗಾಗಿ ನಮ್ಮ ನೆಂಟರು, ಪಕ್ಕದ ಮನೆಯವರು ಕೊಡೋ ಸಲಹೆ ಎಲ್ಲಾ ಎಂಎಸ್‌ದು. ಮೂರು ಕೋರ್ಸ್ ತಗೊಂಡು ಮುಗಿಸೋ ಎಂಎಸ್ ರಿಜಿಸ್ಟ್ರೇಷನ್ನೇ ಬೇರೆ, ಹದಿನೆಂಟು ವರ್ಷದ ಮಗು ನಾಲ್ಕು ವರ್ಷದ ಡಿಗ್ರಿಗೆ ಮೊದಲ ಕಲ್ಲು ಇಡೋದೇ ಬೇರೆ. ನಾನು ಇರೋದು ಡಲ್ಲಾಸ್ ಹತ್ರ, ನಮ್ಮ ಅಕ್ಕನ ಮಗಳು ತುಮಕೂರಲ್ಲಿ ಪಿಯುಸಿ ಮುಗಿಸಿ ಟೆಕ್ಸಸ್‌ಗೆ ಬಂದಾಗ ಇದೆಲ್ಲಾ ಜೊತೇಲಿ ಕೂತು ಮಾಡಿದ್ದೀನಿ, ಅದಕ್ಕೇ ಉದಾಹರಣೆ ಹೆಚ್ಚಾಗಿ ಟೆಕ್ಸಸ್ ಕಡೆದೇ ಇರತ್ತೆ.

ನಮ್ಮ ಕಾಲೇಜಿಗೂ ಇಲ್ಲಿಗೂ ಇರೋ ವ್ಯತ್ಯಾಸ

ನಮ್ಮಲ್ಲಿ ಕಷ್ಟ ಎಲ್ಲಾ ಸೀಟ್ ಸಿಗೋ ತನಕ. ಸಿಇಟಿ ಬರೆದು, ಆಪ್ಷನ್ ಎಂಟ್ರಿ ಮಾಡಿ, ಮಾಕ್ ಅಲಾಟ್‌ಮೆಂಟ್ ನೋಡಿ ತಲೆ ಕೆಡಿಸ್ಕೊಂಡು ಕೊನೆಗೆ ಸೀಟ್ ಸಿಕ್ಕಿದ್ರೆ ಮುಗೀತು. ಎ ಸೆಕ್ಷನ್ನೋ ಬಿ ಸೆಕ್ಷನ್ನೋ ಅಂತ ನೋಟಿಸ್ ಬೋರ್ಡಲ್ಲಿ ಹಾಕ್ತಾರೆ, ಆ ಸೆಕ್ಷನ್ನಿನ ಅರವತ್ತು ಜನ ಒಟ್ಟಿಗೆ ಫಿಸಿಕ್ಸಿಗೆ ಹೋಗಿ, ಒಟ್ಟಿಗೆ ಲ್ಯಾಬಿಗೆ ಹೋಗಿ, ಒಟ್ಟಿಗೆ ಕ್ಯಾಂಟೀನಿಗೂ ಹೋಗ್ತಾರೆ. ಒಂಥರಾ ಮದುವೆ ಮನೆ ಊಟ, ಎಲೆ ಮುಂದೆ ಕೂತ್ರೆ ಸಾಕು, ಕೋಸಂಬರಿ ಯಾವಾಗ, ಪಾಯಸ ಯಾವಾಗ ಅಂತ ಬಡಿಸೋರಿಗೆ ಗೊತ್ತಿರತ್ತೆ.

ಇಲ್ಲಿ ಅಡ್ಮಿಷನ್ ಸಿಕ್ಕಿದ್ರೆ ಒಳಗೆ ಬರೋಕೆ ಬಾಗಿಲು ತೆಗೆದ ಹಾಗೆ ಅಷ್ಟೇ. ಯಾವ ವಿಷಯ, ಯಾವ ಮೇಷ್ಟ್ರು, ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ ಅನ್ನೋದನ್ನ ಪ್ರತಿಯೊಬ್ಬರೂ ಕಂಪ್ಯೂಟರ್ ಮುಂದೆ ಕೂತು ಒಂದೊಂದಾಗಿ ಆರಿಸ್ಕೋಬೇಕು. ಒಂದೇ ರೂಮಲ್ಲಿರೋ ಇಬ್ಬರು ಒಂದೇ ಡಿಗ್ರಿ ಓದ್ತಿದ್ರೂ ಇಬ್ಬರ ಟೈಮ್‌ಟೇಬಲ್ ಬೇರೆ ಬೇರೆ ಇರತ್ತೆ. ಒಬ್ಬರೇ ಆರಿಸ್ಕೋ ಅಂತ ಪೂರ್ತಿ ಬಿಟ್ಟುಬಿಡೋದೂ ಇಲ್ಲ, ಅಡ್ವೈಸರ್ ಅಂತ ಒಬ್ಬರು ಇರ್ತಾರೆ, ಓರಿಯಂಟೇಷನ್ ದಿನ ಅವರ ಜೊತೆ ಮಾತಾಡಿದ ಮೇಲೇನೇ ರಿಜಿಸ್ಟ್ರೇಷನ್ ತೆಗೀತಾರೆ. ಆದ್ರೆ ಒಬ್ಬ ಅಡ್ವೈಸರ್ ಹತ್ರ ಅವತ್ತು ಒಂದು ಗುಂಪು ಮಕ್ಕಳು ಇರ್ತಾರೆ, ನಿಮಗೆ ಸಿಗೋದು ಹದಿನೈದೋ ಇಪ್ಪತ್ತೋ ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಕ್ರೆಡಿಟ್ ಅಂದ್ರೇನು ಅಂತ ಕೇಳ್ತಾ ಕೂರಬಾರದು, ಅದನ್ನ ಮನೇಲೇ ತಿಳ್ಕೊಂಡು ಹೋಗ್ಬೇಕು.

ಕ್ರೆಡಿಟ್ ಅನ್ನೋ ಅಳತೆ

ಕ್ರೆಡಿಟ್ ಅಂದ್ರೆ ಕೋರ್ಸಿನ ತೂಕ. ಒಂದು ಕ್ರೆಡಿಟ್ ಅಂದ್ರೆ ಸೆಮಿಸ್ಟರ್ ಪೂರ್ತಿ, ಅಂದ್ರೆ ಸುಮಾರು 15 ವಾರ, ವಾರಕ್ಕೆ ಒಂದು ಗಂಟೆ ಪಾಠ, ಅದಕ್ಕೆ ಮನೇಲಿ ಎರಡು ಗಂಟೆ ಓದು. ಕ್ಲಾಸಲ್ಲಿ ಒಂದು ಗಂಟೆ ಅಂದ್ರೆ 50 ನಿಮಿಷ. ಸಾಮಾನ್ಯವಾಗಿ ಒಂದು ಕೋರ್ಸ್ 3 ಕ್ರೆಡಿಟ್, ಲ್ಯಾಬ್ ಇರೋದು, ಕ್ಯಾಲ್ಕುಲಸ್ ಥರದ್ದು 4 ಇರತ್ತೆ.

ಡಿಗ್ರಿ ಬರೋಕೆ ಕಮ್ಮಿ ಅಂದ್ರೂ 120 ಕ್ರೆಡಿಟ್ ಬೇಕು, ಇಂಜಿನಿಯರಿಂಗ್ ಆದ್ರೆ ಇನ್ನೂ ಸ್ವಲ್ಪ ಜಾಸ್ತಿ. ಎಂಟು ಸೆಮಿಸ್ಟರಿಗೆ ಭಾಗಿಸಿದ್ರೆ ಒಂದಕ್ಕೆ 15. ಇನ್ನೊಂದು ಕಡೆ ಫುಲ್‌ಟೈಮ್ ವಿದ್ಯಾರ್ಥಿ ಅನ್ನಿಸ್ಕೊಳ್ಳೋಕೆ 12 ಸಾಕು. ಈ 12 ಮತ್ತೆ 15ರ ಮಧ್ಯೆ ಇರೋ ವ್ಯತ್ಯಾಸಾನ ಅಪ್ಪ ಅಮ್ಮ ಚೆನ್ನಾಗಿ ಅರ್ಥ ಮಾಡ್ಕೋಬೇಕು, ಯಾಕಂದ್ರೆ ಇದು ದುಡ್ಡಿನ ಲೆಕ್ಕ. ಪ್ರತಿ ಸಲ 12 ತಗೊಂಡ್ರೆ ನಾಲ್ಕು ವರ್ಷಕ್ಕೆ 96 ಆಗತ್ತೆ, ಇನ್ನೂ 24 ಬಾಕಿ, ಅಂದ್ರೆ ಬೇಸಿಗೆ ರಜೆಯಲ್ಲೂ ಫೀಸ್ ಕಟ್ಟಿ ಓದ್ಬೇಕು, ಇಲ್ಲಾ ಐದನೇ ವರ್ಷಕ್ಕೆ ಹೋಗತ್ತೆ. ಎಷ್ಟೋ ಯೂನಿವರ್ಸಿಟೀಲಿ 12ರಿಂದ 18ರ ತನಕ ಎಷ್ಟು ತಗೊಂಡ್ರೂ ಒಂದೇ ಫೀಸ್, ಕೆಲವು ಕಡೆ ಪ್ರತಿ ಕ್ರೆಡಿಟಿಗೂ ಇಷ್ಟು ಅಂತ ಇರತ್ತೆ, ನಿಮ್ಮದು ಯಾವುದು ಅಂತ ಮೊದಲೇ ನೋಡ್ಕೊಳ್ಳಿ.

ಹಾಗಂತ ಮೊದಲ ಸಲಾನೇ 18 ಹಾಕ್ಕೊಳ್ಳೋದೂ ಬೇಡ. 15 ಕ್ರೆಡಿಟ್ ಅಂದ್ರೆ ಕ್ಲಾಸಲ್ಲಿ 15 ಗಂಟೆ, ಹೊರಗೆ 30 ಗಂಟೆ, ಒಟ್ಟು ವಾರಕ್ಕೆ 45 ಗಂಟೆ. ಟೈಮ್‌ಟೇಬಲ್ ನೋಡಿದ್ರೆ ಅರ್ಧ ದಿನ ಖಾಲಿ ಕಾಣತ್ತೆ, ಪಿಯುನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಕ್ಲಾಸು ಆಮೇಲೆ ಟ್ಯೂಷನ್ ಅಂತ ಓಡಾಡಿದ ಮಕ್ಕಳಿಗೆ ಇದೇನು ಇಷ್ಟೇನಾ ಅನ್ಸತ್ತೆ. ಆ ಖಾಲಿ ಜಾಗ ಖಾಲಿ ಅಲ್ಲ, ವಾರ ವಾರ ಹೋಮ್‌ವರ್ಕ್, ಕ್ವಿಜ್, ಪ್ರಾಜೆಕ್ಟ್ ಎಲ್ಲಾ ಅಲ್ಲೇ ಆಗ್ಬೇಕು, ಮತ್ತೆ ಅದಕ್ಕೆಲ್ಲಾ ಮಾರ್ಕ್ಸ್ ಇದೆ, ಕೊನೇ ಹತ್ತು ದಿನ ಓದಿ ಪಾಸಾಗೋ ಲೆಕ್ಕ ಇಲ್ಲಿ ನಡೆಯಲ್ಲ.

ಕೋರ್ಸ್ ನಂಬರ್ ಓದೋದು ಹೇಗೆ

ಲಿಸ್ಟ್ ತೆಗೆದ್ರೆ ಬರೀ ಅಕ್ಷರ, ನಂಬರ್. ರೈಲಿನ ಕೋಚ್ ನಂಬರ್ ಥರ, ಒಂದ್ಸಲ ಗೊತ್ತಾದ್ರೆ ಆಯ್ತು. ಯುಟಿ ಡಲ್ಲಾಸಲ್ಲಿ (ಯುಟಿ ಅಂದ್ರೆ ಯೂನಿವರ್ಸಿಟಿ ಆಫ್ ಟೆಕ್ಸಸ್) ಸಿಎಸ್ 1337 ಅಂತ ಒಂದು ಕೋರ್ಸ್ ಇದೆ, ಸಿಎಸ್ ಅಂದ್ರೆ ಕಂಪ್ಯೂಟರ್ ಸೈನ್ಸ್, ಮೊದಲ ಅಂಕಿ 1 ಅಂದ್ರೆ ಮೊದಲ ವರ್ಷದ ಮಟ್ಟದ್ದು, ಎರಡನೇ ಅಂಕಿ 3 ಅಂದ್ರೆ ಮೂರು ಕ್ರೆಡಿಟ್. ಅದೇ ಟೆಕ್ಸಸಲ್ಲೇ ಯುಟಿ ಆಸ್ಟಿನ್‌ಗೆ ಹೋದ್ರೆ ಕ್ಯಾಲ್ಕುಲಸ್ಸಿಗೆ ಎಂ 408ಸಿ ಅಂತಾರೆ, ಅಲ್ಲಿ ಮೊದಲ ಅಂಕಿ 4 ಕ್ರೆಡಿಟ್ ಎಷ್ಟು ಅಂತ ಹೇಳತ್ತೆ, ವರ್ಷ ಅಲ್ಲ. ಇಂಡಿಯಾನಾದ ಪರ್ಡ್ಯೂನಲ್ಲಿ ಐದು ಅಂಕಿ, ಸಿಎಸ್ 18000. ಹಾಗಾಗಿ ಬೇರೆ ಯೂನಿವರ್ಸಿಟಿ ಫ್ರೆಂಡ್ ಹೇಳಿದ ನಂಬರ್ ಇಟ್ಕೊಂಡು ಹುಡುಕಬೇಡಿ, ನಾನೂರು ಅಂತ ಕಂಡ ತಕ್ಷಣ ಅದು ಕೊನೇ ವರ್ಷದ್ದು ಅಂತ ಹೆದರೋದೂ ಬೇಡ.

ಒಂದೇ ಕೋರ್ಸಿಗೆ ಹತ್ತು ಸೆಕ್ಷನ್ ಇರಬಹುದು, ಅಂದ್ರೆ ಅದೇ ಪಾಠ, ಬೇರೆ ಟೈಮು, ಬೇರೆ ಮೇಷ್ಟ್ರು. ಪ್ರತಿ ಸೆಕ್ಷನ್ನಿಗೂ ಒಂದು ಪ್ರತ್ಯೇಕ ನಂಬರ್ ಇರತ್ತೆ, ಬಹಳ ಕಡೆ ಅದನ್ನ ಸಿಆರ್‌ಎನ್ ಅಂತಾರೆ, ಐದು ಅಂಕಿ. ಈ ನಂಬರನ್ನ ಒಂದು ಹಾಳೆ ಮೇಲೆ ಬರೆದಿಟ್ಕೊಂಡಿದ್ರೆ ರಿಜಿಸ್ಟ್ರೇಷನ್ ತೆಗೆದ ತಕ್ಷಣ ಹುಡುಕೋ ಕೆಲಸ ಇರಲ್ಲ, ಟೈಪ್ ಮಾಡಿ ಸಬ್ಮಿಟ್ ಕೊಡೋದಷ್ಟೇ.

ದಿನಗಳನ್ನೂ ಅಕ್ಷರದಲ್ಲೇ ಬರೀತಾರೆ. ಎಂ ಡಬ್ಲ್ಯೂ ಎಫ್ ಅಂದ್ರೆ ಸೋಮ, ಬುಧ, ಶುಕ್ರ, ಸಾಮಾನ್ಯವಾಗಿ 50 ನಿಮಿಷದ ಕ್ಲಾಸು. ಟಿ ಆರ್ ಅಂದ್ರೆ ಮಂಗಳವಾರ, ಗುರುವಾರ, 75 ನಿಮಿಷದ್ದು. ಟಿ ಅಕ್ಷರ ಮಂಗಳವಾರಕ್ಕೆ ಹೋಗಿರೋದ್ರಿಂದ ಗುರುವಾರಕ್ಕೆ ಆರ್ ಇಟ್ಟಿದ್ದಾರೆ. ದೊಡ್ಡ ಕೋರ್ಸುಗಳಲ್ಲಿ ಇನ್ನೊಂದು ವಿಷಯ ಇದೆ, ಲೆಕ್ಚರ್ ಒಂದು ಕಡೆ ಇನ್ನೂರು ಮುನ್ನೂರು ಜನಕ್ಕೆ ಆಗತ್ತೆ, ಆಮೇಲೆ ಇಪ್ಪತ್ತು ಮೂವತ್ತು ಜನರ ಸಣ್ಣ ಗುಂಪಲ್ಲಿ ಲೆಕ್ಕ ಮಾಡ್ಸೋಕೆ ಡಿಸ್ಕಷನ್ ಅಥವಾ ರೆಸಿಟೇಷನ್, ಜೊತೆಗೆ ಲ್ಯಾಬ್. ಇವನ್ನೆಲ್ಲಾ ಒಟ್ಟಿಗೇ ಸೇರಿಸಬೇಕು, ಬರೀ ಲೆಕ್ಚರ್ ಹಾಕಿ ಸಬ್ಮಿಟ್ ಕೊಟ್ರೆ ಸಿಸ್ಟಮ್ ತಗೊಳ್ಳಲ್ಲ.

ಮೊದಲು ಗಣಿತ ಗಟ್ಟಿ ಮಾಡ್ಕೊಳ್ಳಿ

ಸೈನ್ಸ್, ಇಂಜಿನಿಯರಿಂಗ್, ಕಂಪ್ಯೂಟರ್, ಅಷ್ಟೇ ಯಾಕೆ ಬಿಸಿನೆಸ್ ಓದೋರಿಗೂ ನಾನು ಹೇಳೋದು ಇದೊಂದೇ: ಮೊದಲು ಗಣಿತದ ಸೀಟ್ ಹಿಡೀರಿ, ಮಿಕ್ಕಿದ್ದು ಅದರ ಸುತ್ತ ಕೂರತ್ತೆ.

ಇದಕ್ಕೆ ಕಾರಣ ಪ್ರೀರಿಕ್ವಿಸಿಟ್ ಅನ್ನೋದು. ಈ ಕೋರ್ಸ್ ತಗೋಬೇಕಂದ್ರೆ ಅದಕ್ಕಿಂತ ಮುಂಚೆ ಆ ಕೋರ್ಸ್ ಪಾಸಾಗಿರ್ಬೇಕು ಅನ್ನೋ ಷರತ್ತು. ಕಾಗುಣಿತ ಬರದೇ ಒತ್ತಕ್ಷರಕ್ಕೆ ಹೋಗೋಕಾಗಲ್ವಲ್ಲ, ಹಾಗೆ. ಕ್ಯಾಲ್ಕುಲಸ್ ಒಂದು ಆದ್ರೆ ಎರಡು, ಎರಡಾದ್ರೆ ಮೂರು, ಅದರ ಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್, ಪಕ್ಕದಲ್ಲಿ ಫಿಸಿಕ್ಸೂ ಕ್ಯಾಲ್ಕುಲಸ್ ಕೇಳತ್ತೆ. ಈ ಸರಪಳೀಲಿ ಮೊದಲ ಕೊಂಡಿ ಒಂದು ಸೆಮಿಸ್ಟರ್ ತಡ ಆದ್ರೆ ಅದಾದ್ಮೇಲೆ ಬರೋದೆಲ್ಲಾ ತಡ. ಇತಿಹಾಸದ ಕೋರ್ಸ್ ಈ ಸಲ ಸಿಗದಿದ್ರೆ ಮುಂದಿನ ವರ್ಷ ತಗೊಂಡ್ರೂ ಏನೂ ನಷ್ಟ ಇಲ್ಲ, ಗಣಿತ ಹಾಗಲ್ಲ. ಜೊತೆಜೊತೆಗೇ ತಗೋಬೇಕಾದ್ದಕ್ಕೆ ಕೋರಿಕ್ವಿಸಿಟ್ ಅಂತಾರೆ, ಕೆಮಿಸ್ಟ್ರಿ ಮತ್ತೆ ಅದರ ಲ್ಯಾಬ್ ಥರ.

ಯಾವ ಗಣಿತದಿಂದ ಶುರು ಮಾಡ್ಬೇಕು ಅನ್ನೋದನ್ನ ನಿಮ್ಮ ಪಿಯುಸಿ ಮಾರ್ಕ್ಸ್ ನೋಡಿ ಹೇಳಲ್ಲ, ಪ್ಲೇಸ್‌ಮೆಂಟ್ ಟೆಸ್ಟ್ ಇಡ್ತಾರೆ. ಬಹಳ ಕಡೆ ಇರೋದು ಅಲೆಕ್ಸ್ ಅನ್ನೋ ಆನ್‌ಲೈನ್ ಪರೀಕ್ಷೆ, ಹೆಚ್ಚಂದ್ರೆ 30 ಪ್ರಶ್ನೆ, 100ಕ್ಕೆ ಸ್ಕೋರು. ನೀವು ಉತ್ತರ ಕೊಡೋದನ್ನ ನೋಡ್ಕೊಂಡು ಮುಂದಿನ ಪ್ರಶ್ನೆ ಬದಲಾಗತ್ತೆ. ನಮ್ಮ ಪಿಸಿಎಂ ಮಕ್ಕಳಿಗೆ ಇದು ಕಷ್ಟ ಇಲ್ಲ, ಆದ್ರೂ ಪರೀಕ್ಷೆ ಮುಗಿದು ಎರಡು ಮೂರು ತಿಂಗಳಾಗಿರತ್ತೆ, ಲಾಗರಿದಮ್, ಟ್ರಿಗೊನೊಮೆಟ್ರಿ ಒಂದ್ಸಲ ತಿರುವಿ ಹಾಕಿ ಕೂತ್ಕೊಳ್ಳಿ. ಇದನ್ನ ಓರಿಯಂಟೇಷನ್ನಿಗೆ ಮುಂಚೆನೇ ಮುಗಿಸಿರ್ಬೇಕು, ಸ್ಕೋರ್ ಇಲ್ಲದೇ ಹೋದ್ರೆ ಕ್ಯಾಲ್ಕುಲಸ್ ಸೆಕ್ಷನ್ ಕಣ್ಣೆದುರಿಗೇ ಖಾಲಿ ಇದ್ರೂ ಸಿಸ್ಟಮ್ ಒಳಗೆ ಬಿಡಲ್ಲ. ಮನೇಲಿ ಬರೆಯೋ ಟೆಸ್ಟ್ ಅಂತ ಅಣ್ಣನ ಹತ್ರ ಕೇಳಿ ಉತ್ತರ ಹಾಕೋರೂ ಇದ್ದಾರೆ, ಅದರಿಂದ ತನಗೆ ಬರದೇ ಇರೋ ಕ್ಲಾಸಲ್ಲಿ ಹೋಗಿ ಕೂರೋದು ಆ ಮಗುನೇ.

ಎಪಿ, ಅಂದ್ರೆ ಹೈಸ್ಕೂಲಲ್ಲೇ ಬರೆಯೋ ಕಾಲೇಜು ಮಟ್ಟದ ಪರೀಕ್ಷೆ, ಬರೆದವರಿದ್ರೆ, ಅಮೆರಿಕದಲ್ಲೇ ಬೆಳೆದ ನಮ್ಮ ಕನ್ನಡದ ಮಕ್ಕಳಲ್ಲಿ ಬಹಳ ಜನ ಬರೆದಿರ್ತಾರೆ, 5ಕ್ಕೆ ಇಷ್ಟು ಅಂತ ಬರೋ ಸ್ಕೋರ್ ನೋಡಿ ಕಾಲೇಜು ಕ್ರೆಡಿಟ್ ಕೊಡತ್ತೆ, ಆ ಕೋರ್ಸ್ ಮತ್ತೆ ಓದೋದು ಬೇಡ. ಪಿಯುಸಿ, ಸಿಬಿಎಸ್‌ಇ 12ನೇ ಕ್ಲಾಸಿಗೆ ಸಾಮಾನ್ಯವಾಗಿ ಅಂಥ ಕ್ರೆಡಿಟ್ ಸಿಗಲ್ಲ. ಹಾಗಾಗಿ ಲಿಮಿಟ್ಸು, ಡೆರಿವೇಟಿವ್ಸು ಮತ್ತೆ ಮೊದಲಿಂದ ಶುರುವಾಗತ್ತೆ. ಬೇಜಾರು ಮಾಡ್ಕೋಬೇಡಿ, ಹೊಸ ದೇಶ, ಹೊಸ ಪದ್ಧತಿ, ಅದರ ಮಧ್ಯೆ ಗೊತ್ತಿರೋ ಒಂದು ವಿಷಯ ಇದ್ರೆ ಮೊದಲ ಸೆಮಿಸ್ಟರ್‌ನ ಜಿಪಿಎಗೆ, ಅಂದ್ರೆ ಗ್ರೇಡುಗಳ ಸರಾಸರಿಗೆ, ಒಳ್ಳೇದೇ.

ಮಿಕ್ಕ ಜಾಗದಲ್ಲಿ ಏನು

ಇಲ್ಲಿ ಡಿಗ್ರಿ ಅಂದ್ರೆ ಬರೀ ಮೇಜರ್, ಅಂದ್ರೆ ನೀವು ಆರಿಸ್ಕೊಂಡ ಮುಖ್ಯ ವಿಷಯ, ಅಲ್ಲ. ಎಲ್ಲರೂ ಓದ್ಲೇಬೇಕಾದ ಸಾಮಾನ್ಯ ಭಾಗ ಒಂದಿದೆ, ಜನರಲ್ ಎಜುಕೇಷನ್ ಅಥವಾ ಕೋರ್ ಅಂತಾರೆ. ಟೆಕ್ಸಸ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಇದು 42 ಕ್ರೆಡಿಟ್, ಅದರಲ್ಲಿ 6 ಅಮೆರಿಕದ ಇತಿಹಾಸ, 6 ಸರ್ಕಾರ ಮತ್ತೆ ರಾಜಕೀಯ. ಕಂಪ್ಯೂಟರ್ ಓದೋಕೆ ಬಂದವಳಿಗೆ ಇತಿಹಾಸ ಯಾಕೆ ಅಂತ ನಮ್ಮ ಭಾವ ಫೋನಲ್ಲಿ ಬಹಳ ಕೇಳಿದ್ರು, ಅದು ರಾಜ್ಯದ ಕಾನೂನಿಂದಾನೇ ಬಂದಿರೋದು, ತಪ್ಪಿಸೋ ಹಾಗಿಲ್ಲ.

ಮೊದಲ ಸೆಮಿಸ್ಟರಿಗೆ ಸಾಮಾನ್ಯವಾಗಿ ಹೀಗೆ ಬರತ್ತೆ: ಒಂದು ಗಣಿತ, ಮೇಜರಿನ ಮೊದಲ ಕೋರ್ಸ್ ಒಂದು, ಇಂಗ್ಲಿಷ್ ಬರವಣಿಗೆಯ ಕೋರ್ಸ್ ಒಂದು, ಕೋರ್‌ನಿಂದ ಒಂದು, ಅದರ ಜೊತೆ ಹೊಸಬರಿಗೆ ಅಂತಾನೇ ಇರೋ ಒಂದು ಸಣ್ಣ ಸೆಮಿನಾರ್. ಬರವಣಿಗೆ ಕೋರ್ಸನ್ನ ಮುಂದಕ್ಕೆ ಹಾಕಬೇಡಿ. ಮೂಲ ಹೇಳದೇ ಬೇರೆಯವರ ವಾಕ್ಯ ಎತ್ತಿ ಹಾಕಿದ್ರೆ ಇಲ್ಲಿ ದೊಡ್ಡ ತಪ್ಪು, ಅದನ್ನ ಸರಿಯಾಗಿ ಮಾಡೋದು ಹೇಗೆ ಅಂತ ಕಲಿಸೋದು ಈ ಕೋರ್ಸೇ. ನಿಮ್ಮ ಡಿಗ್ರಿಗೆ ಯಾವುದು ಲೆಕ್ಕಕ್ಕೆ ಬರತ್ತೆ, ಇನ್ನೂ ಏನು ಬಾಕಿ ಇದೆ ಅಂತ ತೋರಿಸೋಕೆ ಡಿಗ್ರಿ ಆಡಿಟ್ ಅಂತ ಪೋರ್ಟಲಲ್ಲಿ ಒಂದು ಪೇಜ್ ಇರತ್ತೆ, ಏನೇ ಸೇರಿಸೋ ಮುಂಚೆ ಅದನ್ನ ತೆಗೆದು ನೋಡಿ.

ಹೋಲ್ಡ್ ಅನ್ನೋ ಬೀಗ

ಯೂನಿವರ್ಸಿಟಿಗೆ ನಿಮ್ಮಿಂದ ಏನಾದ್ರೂ ಬಾಕಿ ಇದ್ರೆ ನಿಮ್ಮ ಅಕೌಂಟ್ ಮೇಲೆ ಹೋಲ್ಡ್ ಹಾಕ್ತಾರೆ. ಲಸಿಕೆ ದಾಖಲೆ, ಫೈನಲ್ ಮಾರ್ಕ್ಸ್‌ಕಾರ್ಡ್, ಡೆಪಾಸಿಟ್, ಅಡ್ವೈಸರನ್ನ ಭೇಟಿ ಮಾಡದೇ ಇರೋದು, ಯಾವುದಾದ್ರೂ ಆಗಬಹುದು. ಹೋಲ್ಡ್ ಇರೋ ತನಕ ಒಂದು ಕ್ಲಾಸೂ ಸೇರಿಸೋಕಾಗಲ್ಲ.

ನಮ್ಮ ಅಕ್ಕನ ಮಗಳು ಪುಟ್ಟಿದು ಆಗಿದ್ದು ಇದೇ. ಅವಳ ಓರಿಯಂಟೇಷನ್ ಆನ್‌ಲೈನ್, ಇಲ್ಲಿ ಬೆಳಿಗ್ಗೆ 10 ಗಂಟೆ ಅಂದ್ರೆ ತುಮಕೂರಲ್ಲಿ ರಾತ್ರಿ ಎಂಟೂವರೆ. ಹಾಳೇಲಿ ಐದು ಕೋರ್ಸಿನ ನಂಬರ್ ಚೆಂದಕ್ಕೆ ಬರೆದಿಟ್ಕೊಂಡು ಕೂತಿದ್ಲು, ಹಿಂದಿಂದ ಅಕ್ಕ "ಊಟ ಮಾಡ್ಕೊಂಡು ಮಾಡೇ" ಅಂತಿದ್ದಿದ್ದು ನನಗೆ ವಿಡಿಯೋ ಕಾಲಲ್ಲಿ ಕೇಳಿಸ್ತಿತ್ತು. ಇಲ್ಲಿ ಹತ್ತು ಗಂಟೆ ಆದ ತಕ್ಷಣ ಸಬ್ಮಿಟ್ ಒತ್ತಿದ್ಲು.

"ಚಿಕ್ಕಮ್ಮ, ಕೆಂಪಕ್ಷರದಲ್ಲಿ ಏನೋ ಬರ್ತಿದೆ."

"ಏನಿದೆ ಓದಮ್ಮ ಪುಟ್ಟಿ."

ಮೆನಿಂಜೈಟಿಸ್ ಲಸಿಕೆ ಹೋಲ್ಡ್. ಟೆಕ್ಸಸಲ್ಲಿ 22 ವರ್ಷದೊಳಗಿನವರು ಕಾಲೇಜಿಗೆ ಸೇರ್ಬೇಕಂದ್ರೆ ಈ ಲಸಿಕೆ ಕಡ್ಡಾಯ, ಕ್ಲಾಸ್ ಶುರುವಾಗೋಕೆ ಕಮ್ಮಿ ಅಂದ್ರೆ 10 ದಿನ ಮುಂಚೆ ಹಾಕಿಸಿರ್ಬೇಕು. ಅವಳು ಹಾಕಿಸ್ಕೊಂಡಿದ್ಲು, ಚೀಟೀನೂ ಅಪ್‌ಲೋಡ್ ಮಾಡಿದ್ಲು, ಆದ್ರೆ ಡಾಕ್ಟರು ಪ್ರಿಸ್ಕ್ರಿಪ್ಷನ್ ಹಾಳೇಲಿ ಲಸಿಕೆ ಹೆಸರು ಮಾತ್ರ ಬರೆದು ತಾರೀಕು ಹಾಕಿರ್ಲಿಲ್ಲ. ಅದು ತಿರಸ್ಕಾರ ಆಗಿದ್ದ ಮೆಸೇಜು ಸ್ಟೂಡೆಂಟ್ ಇಮೇಲಿಗೆ ಬಂದಿತ್ತು, ಇವಳು ನೋಡ್ತಿದ್ದಿದ್ದು ತನ್ನ ಹಳೇ ಜಿಮೇಲನ್ನ. ಮಾರನೇ ದಿನ ಸೀಲು, ತಾರೀಕು ಎಲ್ಲಾ ಹಾಕಿಸಿ ಕಳಿಸಿ, ಹೋಲ್ಡ್ ತೆಗೆಯೋ ಹೊತ್ತಿಗೆ ಮೂರು ದಿನ ಆಯ್ತು. ಬೆಳಗಿನ ಕ್ಯಾಲ್ಕುಲಸ್ ಸೆಕ್ಷನ್ನುಗಳೆಲ್ಲಾ ತುಂಬಿ ಸಂಜೆ 7 ಗಂಟೇದು ಒಂದು ಉಳಿದಿತ್ತು.

ಅದಕ್ಕೇ ಹೇಳೋದು, ರಿಜಿಸ್ಟ್ರೇಷನ್ನಿಗೆ ಎರಡು ವಾರ ಮುಂಚೆನೇ ಪೋರ್ಟಲ್ಲಿಗೆ ಹೋಗಿ ಹೋಲ್ಡ್ಸ್ ಅನ್ನೋ ಪೇಜ್ ನೋಡಿ. ಲಸಿಕೆ ದಾಖಲೇಲಿ ಹೆಸರು ಪಾಸ್‌ಪೋರ್ಟಲ್ಲಿರೋ ಹಾಗೇ, ತಾರೀಕು, ಡಾಕ್ಟರ ಸಹಿ, ಸೀಲು ಇಷ್ಟೂ ಇರಲಿ. ತಾರೀಕು ಬರೆಯುವಾಗ ತಿಂಗಳನ್ನ ಅಕ್ಷರದಲ್ಲಿ ಬರೆಸಿ, ಇಲ್ಲಿ ತಿಂಗಳು ಮೊದಲು ದಿನ ಆಮೇಲೆ ಬರೆಯೋದ್ರಿಂದ 05-07 ಅಂತಿದ್ರೆ ಮೇ 7 ಅಂತ ಓದ್ತಾರೆ, ಜುಲೈ 5 ಅಂತ ಅಲ್ಲ.

ಸೀಟ್ ಇಲ್ಲ ಅಂದ್ರೆ: ವೇಟ್‌ಲಿಸ್ಟ್

ರಿಜಿಸ್ಟ್ರೇಷನ್ ತೆಗೆಯೋ ನಿಮಿಷ ತತ್ಕಾಲ್ ಬುಕಿಂಗ್ ಥರಾನೇ. ಎಷ್ಟೋ ಯೂನಿವರ್ಸಿಟೀಲಿ ಎಲ್ಲಾ ಸೀಟನ್ನೂ ಮೊದಲ ಓರಿಯಂಟೇಷನ್ನಿಗೇ ಬಿಡದೇ ಪ್ರತಿ ಬ್ಯಾಚಿಗೂ ಸ್ವಲ್ಪ ಸ್ವಲ್ಪ ಎತ್ತಿಡ್ತಾರೆ, ಆದ್ರೂ ಬೇಗ ಇರೋ ದಿನಾಂಕ ಸಿಕ್ಕಿದ್ರೆ ಅದನ್ನೇ ತಗೊಳ್ಳಿ.

ತುಂಬಿದ ಸೆಕ್ಷನ್ನಿಗೆ ವೇಟ್‌ಲಿಸ್ಟ್ ಇರತ್ತೆ, ಇದನ್ನ ನಮ್ಮವರಿಗೆ ಬಿಡಿಸಿ ಹೇಳೋದೇ ಬೇಡ, ರೈಲಲ್ಲಿ ಡಬ್ಲ್ಯೂಎಲ್ 12 ಅಂತ ನೋಡಿದವರೇ ಎಲ್ಲ. ವ್ಯತ್ಯಾಸ ಒಂದಿದೆ: ಕೆಲವು ಕಡೆ ನಿಮ್ಮ ಸರದಿ ಬಂದಾಗ ತಾನಾಗೇ ಸೇರಿಸ್ತಾರೆ, ಇನ್ನು ಕೆಲವು ಕಡೆ ಬರೀ ಮೇಲ್ ಕಳಿಸಿ ಇಷ್ಟು ಗಂಟೆಯೊಳಗೆ ಒಪ್ಕೊಳ್ಳಿ ಅಂತಾರೆ, ಆ ಹೊತ್ತು ಮೀರಿದ್ರೆ ಸೀಟು ಮುಂದಿನವರಿಗೆ ಹೋಗತ್ತೆ. ನೀವು ಇನ್ನೂ ಊರಲ್ಲಿದ್ರೆ ಆ ಮೇಲ್ ಮಧ್ಯರಾತ್ರಿ ಬರತ್ತೆ, ಸ್ಟೂಡೆಂಟ್ ಇಮೇಲನ್ನ ಫೋನಿಗೆ ಹಾಕ್ಕೊಂಡಿರಿ.

12ಕ್ಕಿಂತ ಕೆಳಗೆ ಇಳೀಬಾರದು

ಎಫ್-1, ಅಂದ್ರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ 12 ಕ್ರೆಡಿಟ್ ಬರೀ ಕಾಲೇಜಿನ ನಿಯಮ ಅಲ್ಲ, ಸರ್ಕಾರದ ನಿಯಮ. ಕ್ಲಾಸ್ ಶುರುವಾದ ಮೇಲೆ ನೀವು ಫುಲ್‌ಟೈಮ್ ಇದ್ದೀರಿ ಅಂತ ಕಾಲೇಜು ಸೆವಿಸ್ ಅನ್ನೋ ಸರ್ಕಾರಿ ದಾಖಲೇಲಿ ತೋರಿಸಬೇಕು, ಅನುಮತಿ ಇಲ್ಲದೇ 12ರ ಕೆಳಗೆ ಇಳಿದ್ರೆ ಈ ದೇಶದಲ್ಲಿ ಕಾನೂನು ಪ್ರಕಾರ ಇರೋಕೆ ಬೇಕಾದ ನಿಮ್ಮ ಸ್ಟೇಟಸ್ಸೇ ಹೋಗಬಹುದು. ಆನ್‌ಲೈನ್ ಕೋರ್ಸ್ ಆದ್ರೆ ಒಂದು ಸೆಮಿಸ್ಟರಿಗೆ ಒಂದೇ, 3 ಕ್ರೆಡಿಟ್ ತನಕ ಮಾತ್ರ ಈ 12ರ ಲೆಕ್ಕಕ್ಕೆ ಸೇರತ್ತೆ. ಲಿಸ್ಟಲ್ಲಿ ಆನ್‌ಲೈನ್ ಸೆಕ್ಷನ್ನೇ ಖಾಲಿ ಇರೋದು ಜಾಸ್ತಿ, ಕೈ ಅದರ ಕಡೆನೇ ಹೋಗತ್ತೆ, ಹುಷಾರು.

ನಿಜವಾಗ್ಲೂ ಓದೋಕೆ ಕಷ್ಟ ಆದ್ರೆ ದಾರಿ ಇದೆ. ಇಂಗ್ಲಿಷ್ ಹಿಡಿತ ಸಾಲದೇ, ಇಲ್ಲಿನ ಪಾಠದ ರೀತಿ ಹೊಸದಾಗಿ, ತಪ್ಪು ಮಟ್ಟದ ಕೋರ್ಸಲ್ಲಿ ಸಿಕ್ಕಿಹಾಕ್ಕೊಂಡು ಒದ್ದಾಡ್ತಿದ್ರೆ ಇಂಟರ್‌ನ್ಯಾಷನಲ್ ಆಫೀಸಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡ್ಕೊಳ್ಳೋ ಡಿಎಸ್‌ಒ ಅಂತ ಇರ್ತಾರೆ, ಅವರು ಕಮ್ಮಿ ಕ್ರೆಡಿಟಿಗೆ ಅನುಮತಿ ಕೊಡಬಹುದು. ಆದ್ರೆ ಅನುಮತಿ ಮೊದಲು, ಡ್ರಾಪ್ ಆಮೇಲೆ. ಇಲ್ಲಿನ ಸಿಟಿಜನ್ ಫ್ರೆಂಡ್ ಒಂದು ಕ್ಲಿಕ್ಕಲ್ಲಿ ಡ್ರಾಪ್ ಮಾಡಿದ ಅಂತ ನೀವೂ ಮಾಡೋಕೆ ಹೋಗಬೇಡಿ.

ಅಪ್ಪ ಅಮ್ಮಂದಿರು ತಿಳ್ಕೋಬೇಕಾದ್ದು

ಓರಿಯಂಟೇಷನ್ನಿಗೆ ಜೊತೇಲಿ ಹೋದ ಪೋಷಕರನ್ನ ಬೇರೆ ಕಡೆ ಕೂರಿಸ್ತಾರೆ, ಅಡ್ವೈಸರ್ ರೂಮಿಗೆ ಮಗು ಒಂದೇ ಹೋಗೋದು. ಫರ್ಪಾ ಅಂತ 1974ರ ಒಂದು ಕಾನೂನಿದೆ, ಅದರ ಪ್ರಕಾರ ಕಾಲೇಜಿಗೆ ಸೇರಿದ ದಿನದಿಂದ ಓದಿನ ದಾಖಲೆ ಮೇಲಿನ ಹಕ್ಕು ವಿದ್ಯಾರ್ಥಿದು. ಫೀಸ್ ಕಟ್ಟೋದು ನಾವಾದ್ರೂ ಗ್ರೇಡ್ ಎಷ್ಟು ಅಂತ ಫೋನ್ ಮಾಡಿ ಕೇಳಿದ್ರೆ ಸಾಮಾನ್ಯವಾಗಿ ಹೇಳಲ್ಲ, ಅದಕ್ಕೆ ಮಗು ಒಪ್ಪಿಗೆ ಕೊಟ್ಟಿರ್ಬೇಕು. ಪಿಯು ಕಾಲೇಜಿಂದ ಅಟೆಂಡೆನ್ಸ್ ಮೆಸೇಜ್ ಬಂದು ಅಭ್ಯಾಸ ಆಗಿರೋರಿಗೆ ಇದು ಕಷ್ಟ ಅನ್ಸತ್ತೆ. ಹಾಗಾಗಿ ಹೊರಡೋ ಮುಂಚೆನೇ ಕೂತು ಮಾತಾಡಿ, ಯಾವುದನ್ನ ಹಂಚ್ಕೋಬೇಕು ಅಂತ ಇಬ್ಬರೂ ಒಪ್ಕೊಳ್ಳಿ.

ಇನ್ನೊಂದು ಫೀಸಿನ ಗಡುವು. ಎಷ್ಟೋ ಕಡೆ ಹೇಳಿದ ದಿನದೊಳಗೆ ದುಡ್ಡು ಬರದೇ ಇದ್ರೆ ರಿಜಿಸ್ಟರ್ ಮಾಡಿದ ಕ್ಲಾಸನ್ನೆಲ್ಲಾ ತೆಗೆದುಬಿಡ್ತಾರೆ. ಊರಿನ ಬ್ಯಾಂಕಿಂದ ಡಾಲರ್ ಕಳಿಸೋಕೆ ಫಾರ್ಮು, ಪ್ಯಾನು ಎಲ್ಲಾ ಸೇರಿ ದಿನಗಟ್ಟಲೆ ಹಿಡಿಯತ್ತೆ, ಕೊನೇ ದಿನಕ್ಕೆ ಇಟ್ಕೋಬೇಡಿ.

ಕ್ಲಾಸ್ ಶುರುವಾದ ಮೇಲೆ ಬದಲಾಯಿಸಬಹುದಾ

ಬದಲಾಯಿಸಬಹುದು. ಮೊದಲ ವಾರ, ಕೆಲವು ಕಡೆ ಎರಡು ವಾರ, ಆಡ್-ಡ್ರಾಪ್ ಅಂತ ಸಮಯ ಇರತ್ತೆ, ಆಗ ಬಿಟ್ಟ ಕೋರ್ಸ್ ಎಲ್ಲೂ ದಾಖಲಾಗಲ್ಲ. ಟೆಕ್ಸಸಲ್ಲಿ ಫಾಲ್, ಸ್ಪ್ರಿಂಗಿನಲ್ಲಿ (ಜನವರಿಯಲ್ಲಿ ಶುರುವಾಗೋ ಸೆಮಿಸ್ಟರ್) 12ನೇ ಕ್ಲಾಸ್ ದಿನವನ್ನ ಸೆನ್ಸಸ್ ಡೇ ಅಂತ ಹಿಡೀತಾರೆ, ಅದಾದ್ಮೇಲೆ ಬಿಟ್ರೆ ಟ್ರಾನ್ಸ್‌ಕ್ರಿಪ್ಟಲ್ಲಿ, ಅಂದ್ರೆ ಗ್ರೇಡುಗಳ ದಾಖಲೇಲಿ, ಡಬ್ಲ್ಯೂ (ವಿತ್‌ಡ್ರಾ, ಮಧ್ಯದಲ್ಲೇ ಬಿಟ್ಟಿದ್ದು ಅಂತ) ಬೀಳತ್ತೆ. ಅದು ಜಿಪಿಎ ಇಳಿಸಲ್ಲ, ಆದ್ರೆ ಉಳ್ಕೊಳ್ಳತ್ತೆ, ಮತ್ತೆ ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಇಡೀ ಡಿಗ್ರೀಲಿ ಹಾಗೆ ಬಿಡೋಕೆ ಅವಕಾಶ ಇರೋದು ಆರು ಕೋರ್ಸಿಗೆ ಮಾತ್ರ.

ಈ ಮೊದಲ ವಾರದಲ್ಲಿ ಬಹಳ ಸೀಟು ಅತ್ತಿತ್ತ ಓಡಾಡತ್ತೆ. ಪುಟ್ಟಿ ದಿನಾ ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಪೋರ್ಟಲ್ ತೆಗೆದು ನೋಡ್ತಿದ್ಲು, ಬುಧವಾರ ಒಂಬತ್ತೂವರೆ ಸೆಕ್ಷನ್ನಲ್ಲಿ ಒಂದು ಸೀಟ್ ಖಾಲಿ ಅಂತ ತೋರಿಸ್ತು. ಸಂಜೆ 7ರದ್ದನ್ನ ಡ್ರಾಪ್ ಮಾಡೋಕೆ ಕೈ ಹಾಕಿದ್ದವಳನ್ನ ತಡೆದೆ, ಯಾಕಂದ್ರೆ ಅದನ್ನ ಬಿಟ್ಟು ಇದನ್ನ ಹಿಡಿಯೋ ಅಷ್ಟರಲ್ಲಿ ಬೇರೆ ಯಾರಾದ್ರೂ ತಗೊಂಡ್ರೆ ಎರಡೂ ಇಲ್ಲ, 12ರ ಕೆಳಗೂ ಇಳಿದ ಹಾಗಾಗತ್ತೆ. ಬಹಳಷ್ಟು ಪೋರ್ಟಲಲ್ಲಿ ಸ್ವಾಪ್ ಅಂತ ಬಟನ್ ಇರತ್ತೆ, ಹೊಸದು ಸಿಕ್ಕಿದ್ರೆ ಮಾತ್ರ ಹಳೇದನ್ನ ಬಿಡತ್ತೆ. ಅದನ್ನ ಒತ್ತಿದ್ಲು, ಹಸಿರು ಟಿಕ್ ಬಂತು, ಬ್ಯಾಗ್ ಎತ್ಕೊಂಡು ಓಡಿದ್ಲು, ಕ್ಲಾಸಿಗೆ ಇನ್ನು ನಲವತ್ತು ನಿಮಿಷ ಇತ್ತು.